ಶೇ. 40 ವೈಕಲ್ಯ ಇಲ್ಲದಿದ್ದರೆ ಸ್ಕ್ರೈಬ್ (ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನ ಬರೆದುಕೊಡುವವರು) ಇಲ್ಲ ಅಂತಾರೆ. ಇದು ಸರಿಯಾ?

ಮಳೆಬಿಲ್ಲು
ಮಗ ಒಂಬತ್ತನೇ ತರಗತಿ. ಹುಟ್ಟುವಾಗಲೇ ಬಲಗೈ ಭುಜದ ನರಕ್ಕೆ ಪೆಟ್ಟಾಗಿತ್ತು. ಕೈ ಆಡುತ್ತೆ, ಆದ್ರೆ ಹಿಡಿತ ಇಲ್ಲ. ಎಡಗೈಯಲ್ಲೂ ಬರೆಸಿ ನೋಡಿದೆವು, ಒಗ್ಗಲಿಲ್ಲ. ಬಾಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳ್ತಾನೆ. ಬರೆಯೋಕೆ ಕೂತರೆ ಅರ್ಧ ಪುಟಕ್ಕೇ ಬೆರಳು ಸೆಟೆದುಕೊಳ್ಳುತ್ತೆ. ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗಳೆಲ್ಲ ಖಾಲಿ.

ಸರ್ಟಿಫಿಕೇಟಿನಲ್ಲಿ ಶೇ. 34 ಅಂತ ಬಂದಿದೆ. ಶಾಲೆಯಲ್ಲಿ ಸ್ಕ್ರೈಬ್ ಕೇಳಿದೆ. "40 ಇದ್ದರೆ ಮಾತ್ರ ಮೇಡಂ, ಕಾನೂನೇ ಹಾಗಿದೆ" ಅಂದರು. ಕೊನೇ ಪಕ್ಷ ಹೆಚ್ಚು ಸಮಯ ಕೊಡಿ ಅಂದರೆ, "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ" ಅಂದರು. ಮುಂದಿನ ವರ್ಷ ಬೋರ್ಡ್ ಪರೀಕ್ಷೆ. ನಿಜವಾಗಲೂ ಕಾನೂನು ಹಾಗೇ ಇದೆಯಾ? ಗೊತ್ತಿರುವವರು ಹೇಳಿ.

ಕಲಂ ಹದಿನಾರು
ಇಲ್ಲ ಮೇಡಂ, ಹಾಗಿಲ್ಲ. ವಕೀಲನಾಗಿ ಈ 40ರ ಕಥೆಯನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಈಗಿರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇತ್ತು, ಇದರಲ್ಲಿ 21 ಇದೆ. ಈ ಕಾಯ್ದೆಯಲ್ಲಿ ಎರಡು ಗುಂಪಿದೆ. ಒಂದು, ವೈಕಲ್ಯ ಇರುವ ಎಲ್ಲರೂ. ಇನ್ನೊಂದು, ಅವರೊಳಗೆ ಶೇ. 40 ಮತ್ತು ಅದಕ್ಕಿಂತ ಜಾಸ್ತಿ ಇರುವವರು. ಈ ಎರಡನೇ ಗುಂಪಿಗೆ ಮಾತ್ರ ಸಿಗುವುದು ಕೆಲವು ಇವೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ (31ನೇ ಕಲಂ), ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಮೀಸಲಾತಿ (32ನೇ ಕಲಂ), 18 ವರ್ಷದವರೆಗೆ ಪುಸ್ತಕ ಮತ್ತು ಉಪಕರಣ ಉಚಿತ, ಇಂಥವು.

ಭೇದಭಾವ ಮಾಡಬಾರದು, ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ ಮಾತು ಇದೆಯಲ್ಲ, ಅದಕ್ಕೆ ಶೇಕಡಾ ಲೆಕ್ಕ ಇಲ್ಲ. ಅದು ಮೊದಲ ಗುಂಪಿನ ಎಲ್ಲರಿಗೂ ಸೇರಿದ್ದು. ಹೊಂದಾಣಿಕೆ ಮಾಡಿಕೊಡದೆ ಇರುವುದನ್ನೂ ಭೇದಭಾವ ಅಂತಲೇ ಕಾಯ್ದೆ ಕರೆಯುತ್ತದೆ.

ಇದನ್ನು ನಾನು ಹೇಳಿದರೆ ಶಾಲೆಯವರು ನಂಬಲಿಕ್ಕಿಲ್ಲ. ಸುಪ್ರೀಂ ಕೋರ್ಟ್ ಹೇಳಿದೆ. ವಿಕಾಸ್ ಕುಮಾರ್ ಎದುರು ಯುಪಿಎಸ್‌ಸಿ, 2021ರ ಫೆಬ್ರವರಿ 11. ಬರೆಯಲು ಹೋದರೆ ಕೈ ಸೆಳೆತ ಬರುವ ತೊಂದರೆ ಅವರಿಗೆ. ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಸ್ಕ್ರೈಬ್ ಕೇಳಿದರೆ, ನಿಮ್ಮದು 40ರ ಪಟ್ಟಿಯಲ್ಲಿಲ್ಲ ಅಂತ ತಳ್ಳಿದರು. ಕೋರ್ಟು ಅದನ್ನು ಒಪ್ಪಲಿಲ್ಲ. 40 ಅನ್ನುವುದು ಮೀಸಲಾತಿಯಂಥ ವಿಷಯಕ್ಕೆ, ಸ್ಕ್ರೈಬ್‌ಗೆ ಅದನ್ನು ಅಡ್ಡ ತರಬೇಡಿ ಅಂತ ಹೇಳಿತು. ಆ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು, 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೇ ಅಂತ ಬೇರೆ ಮಾರ್ಗಸೂಚಿ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲಿ ಕೋರ್ಟು ಅದನ್ನೇ ಮತ್ತೆ ಒತ್ತಿ ಹೇಳಿದೆ.

ನಿಮಗೆ ಬೇಕಾಗಿರುವುದು ಇನ್ನೊಂದು ಶೇಕಡಾ ಸರ್ಟಿಫಿಕೇಟ್ ಅಲ್ಲ. "ಈ ಹುಡುಗನಿಗೆ ಬರೆಯಲು ತೊಂದರೆ ಇದೆ, ಪರೀಕ್ಷೆಗೆ ಸ್ಕ್ರೈಬ್ ಅಗತ್ಯ" ಅಂತ ಸರ್ಕಾರಿ ಆಸ್ಪತ್ರೆಯ ಸಕ್ಷಮ ವೈದ್ಯಾಧಿಕಾರಿಯ ಪತ್ರ. ನಮೂನೆ ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ಜೊತೆಗೇ ಇರುತ್ತದೆ. ಪ್ರಿಂಟ್ ತೆಗೆದುಕೊಂಡು ಹೋಗಿ. ಡಾಕ್ಟರಿಗೂ ಆ ನಮೂನೆ ಗೊತ್ತಿರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಕಪ್ಪುಹಲಗೆ
ನಾನು ಹೈಸ್ಕೂಲ್ ಮೇಷ್ಟ್ರು. ವಕೀಲರು ಹೇಳಿದ್ದು ಸರಿಯೇ ಇರಬಹುದು. ಶಾಲೆ ಒಳಗೆ ಏನಾಗುತ್ತೆ ಅನ್ನೋದನ್ನ ಹೇಳ್ತೀನಿ. ಮುಖ್ಯಶಿಕ್ಷಕರಿಗೆ ಹಠ ಇರಲ್ಲ, ಭಯ ಇರುತ್ತೆ. ಬೇರೆ ರೂಮು ಬೇಕು, ಬೇರೆ ಮೇಲ್ವಿಚಾರಕರು ಬೇಕು. ನಾಳೆ ತಪಾಸಣೆಗೆ ಬಂದವರು "ಯಾವ ಆದೇಶದ ಮೇಲೆ ಕೊಟ್ಟಿರಿ" ಅಂದರೆ ತೋರಿಸೋಕೆ ಕಾಗದ ಬೇಕು. ಇಲ್ಲ ಅಂದುಬಿಟ್ಟರೆ ಇದ್ಯಾವ ತಲೆನೋವೂ ಇಲ್ಲ.

ಇನ್ನೊಂದು ಮಾತು. ಕೆಲವರು ಬೈಯಬಹುದು, ಆದರೂ ಕೇಳ್ತೀನಿ. ಸ್ಕ್ರೈಬ್ ಹೆಸರಲ್ಲಿ ಉತ್ತರ ಗೊತ್ತಿರೋ ಹುಡುಗನನ್ನ ಕೂರಿಸಿದರೆ? ಉಳಿದ ಮಕ್ಕಳಿಗೆ ಅನ್ಯಾಯ ಅಲ್ವಾ?

ಬಿಳಿಕೋಲು
ಮೇಷ್ಟ್ರೇ, ಬೈಯಲ್ಲ. ಒಂದು ಪರೀಕ್ಷೆಯ ಕಥೆ ಹೇಳ್ತೀನಿ, ಕೇಳಿ.

ನನಗೆ ಪೂರ್ತಿ ದೃಷ್ಟಿ ಇಲ್ಲ. ಈಗ ಎಂ.ಎ. ಓದ್ತಿದ್ದೀನಿ. ಹತ್ತನೇ ತರಗತಿ ಗಣಿತಕ್ಕೆ ಬಂದ ಸ್ಕ್ರೈಬ್ ಒಳ್ಳೆ ಹುಡುಗಿ, ಆದ್ರೆ ಭಿನ್ನರಾಶಿಯ ಗೆರೆ ಎಲ್ಲಿವರೆಗೆ ಎಳೀಬೇಕು ಅಂತ ಗೊತ್ತಿಲ್ಲ. ನಾನು ಹೇಳೋದು: "ಬ್ರಾಕೆಟ್ ಶುರು, ಎಕ್ಸ್ ಪ್ಲಸ್ ಎರಡು, ಬ್ರಾಕೆಟ್ ಮುಗೀತು, ಇಷ್ಟರ ಕೆಳಗೆ ಗೆರೆ, ಗೆರೆ ಕೆಳಗೆ ಎಕ್ಸ್ ಮೈನಸ್ ಒಂದು." ಅವಳು: "ಮೈನಸ್ ಒಂದು ಕೆಳಗೇನಾ ಅಥವಾ ಪಕ್ಕದಲ್ಲಾ?" ಒಂದು ಸಾಲಿಗೆ ಎರಡು ಸಲ ಓದಿಸಿ ಕೇಳಬೇಕು. ಮೂರು ಹೆಜ್ಜೆ ಹಿಂದೆ ಏನು ಬರೆಸಿದೆ ಅಂತ ತಲೆಯಲ್ಲೇ ಇಟ್ಟುಕೊಂಡಿರಬೇಕು, ನಿಮ್ಮ ಹಾಗೆ ಕಣ್ಣೆತ್ತಿ ಮೇಲೆ ನೋಡೋಕಾಗಲ್ಲ. ಜ್ಯಾಮಿತಿ ಚಿತ್ರ ಬಂದರೆ ಮುಗೀತು. ಗಂಟೆಗೆ 20 ನಿಮಿಷ ಹೆಚ್ಚು ಕೊಡಬೇಕು ಅಂತ 2018ರ ಮಾರ್ಗಸೂಚಿ ಹೇಳಿತ್ತು, ಮೂರು ಗಂಟೆ ಪರೀಕ್ಷೆಗೆ ನಾಲ್ಕು ಗಂಟೆ. ಆ ಒಂದು ಗಂಟೆ ಹೋಗೋದು ಇದಕ್ಕೇ.

ನಮ್ಮ ಕಡೆಯಿಂದಲೇ ಕರೆತರೋ ಸ್ಕ್ರೈಬ್ ಪರೀಕ್ಷೆ ಬರೆಯುವವರಿಗಿಂತ ಒಂದು ಹಂತ ಕೆಳಗಿನ ಓದಿನವರಾಗಿರಬೇಕು ಅಂತ ಅದೇ ಮಾರ್ಗಸೂಚಿಯಲ್ಲಿತ್ತು. ಜೊತೆಗೆ ಮೇಲ್ವಿಚಾರಕರು ಪಕ್ಕದಲ್ಲೇ ಇರ್ತಾರೆ. ಉತ್ತರ ಹೇಳಿಕೊಡೋದಿರಲಿ, ನಾನು ಹೇಳಿದ್ದನ್ನ ಸರಿಯಾಗಿ ಬರೆದರೆ ಸಾಕಪ್ಪಾ ಅಂತ ಕೂತಿರ್ತೀವಿ ನಾವು. ಯಾರೋ ಒಬ್ಬ ಮೋಸ ಮಾಡ್ತಾನೆ ಅಂತ ನಕಲು ಚೀಟಿಗೆ ಹೆದರಿ ಪರೀಕ್ಷೆಯನ್ನೇ ನಿಲ್ಲಿಸ್ತೀವಾ?

ಕಪ್ಪುಹಲಗೆ
ಗಣಿತದ ಮಾತು ಒಪ್ಪಿದೆ. ಹಾಗೆ ಯೋಚನೆ ಮಾಡಿರಲಿಲ್ಲ.

ಕಲಂ ಹದಿನಾರು
ದುರುಪಯೋಗದ ವಾದ ವಿಕಾಸ್ ಕುಮಾರ್ ಪ್ರಕರಣದಲ್ಲೂ ಬಂದಿತ್ತು. ಯಾರಾದರೂ ದುರುಪಯೋಗ ಮಾಡಬಹುದು ಅನ್ನುವ ಅನುಮಾನಕ್ಕೆ, ನಿಜವಾಗಿ ಬೇಕಾದವರಿಗೆ ಇಲ್ಲ ಅನ್ನಲಾಗದು ಅಂತಲೇ ಕೋರ್ಟಿನ ನಿಲುವು.

ಇಳಿಜಾರು
ಎಲ್ಲರೂ ಪರೀಕ್ಷೆ ಬಗ್ಗೆನೇ ಮಾತಾಡ್ತಿದ್ದೀರಿ. ಪರೀಕ್ಷೆ ವರ್ಷಕ್ಕೆ ಕೆಲವು ದಿನ. ಶಾಲೆ ದಿನಾ ಇರುತ್ತೆ.

ನನ್ನ ಮಗಳು ವೀಲ್‌ಚೇರ್‌ನಲ್ಲಿ ಹೋಗ್ತಾಳೆ. ಖಾಸಗಿ ಶಾಲೆ. ಸೇರಿಸುವಾಗ "ನಮ್ಮಲ್ಲಿ ರ‍್ಯಾಂಪ್ ಇದೆ" ಅಂತ ಹೆಮ್ಮೆಯಿಂದ ತೋರಿಸಿದರು. ನೋಡಿದರೆ ಮೆಟ್ಟಿಲ ಮೇಲೇ ಸಿಮೆಂಟ್ ಬಳಿದ ಹಾಗಿದೆ. ಒಂದು ಅಡಿ ಎತ್ತರ ಏರೋಕೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು, ಅದು ಅಳತೆ. ಅಲ್ಲಿ ನಾಲ್ಕು ಅಡಿನೂ ಇಲ್ಲ. ಹಿಂದಿನಿಂದ ಇಬ್ಬರು ತಳ್ಳಬೇಕು, ಇಳಿಯುವಾಗ ಇಬ್ಬರು ಹಿಡೀಬೇಕು.

ಅದು ಹೇಗೋ ಆಗುತ್ತೆ ಅನ್ನಿ. ಶೌಚಾಲಯದ ಬಾಗಿಲೊಳಗೆ ಕುರ್ಚಿ ಹೋಗಲ್ಲ. ಅದಕ್ಕೆ ನನ್ನ ಮಗಳು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯಲ್ಲ ಅಂತ ನನಗೆ ಗೊತ್ತಾಗಿದ್ದು ಡಾಕ್ಟರ್ ಹೇಳಿದಾಗ. ಮೂತ್ರದ ಸೋಂಕು ಪದೇ ಪದೇ ಯಾಕೆ ಬರ್ತಿದೆ ಅಂತ ತೋರಿಸೋಕೆ ಹೋಗಿದ್ದೆವು. ಬ್ಯಾಗಲ್ಲಿ ನೀರಿನ ಬಾಟಲಿ ದಿನಾ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿತ್ತು.

ಎಂಟನೇ ತರಗತಿಗೆ ಕ್ಲಾಸು ಮೊದಲ ಮಹಡಿಗೆ ಹೋಯಿತು. ಲಿಫ್ಟ್ ಹಾಕಿ ಅಂತ ನಾನು ಕೇಳಲಿಲ್ಲ. ಆ ಸೆಕ್ಷನ್ನನ್ನ ಕೆಳಗಿನ ರೂಮಿಗೆ ತನ್ನಿ ಅಂದೆ. ಒಂದು ರೂಪಾಯಿ ಖರ್ಚಿಲ್ಲ. "ಟೈಮ್‌ಟೇಬಲ್ ಕೆಡುತ್ತೆ" ಅಂದರು. ಖಾಸಗಿ ಶಾಲೆಗೆ ಈ ಕಾಯ್ದೆ ತಾಗುತ್ತಾ ಇಲ್ವಾ? ಅದೊಂದು ಹೇಳಿ.

ಕಲಂ ಹದಿನಾರು
ತಾಗುತ್ತದೆ. 16ನೇ ಕಲಂ ಸರ್ಕಾರದ ಹಣ ಪಡೆಯುವ ಶಾಲೆಗಳ ಜೊತೆಗೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಸೇರಿಸುತ್ತದೆ. ಮಾನ್ಯತೆ ಇಲ್ಲದೆ ಯಾವ ಖಾಸಗಿ ಶಾಲೆ ನಡೆಯುತ್ತದೆ ಹೇಳಿ. ಭೇದಭಾವ ಇಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡ ಮತ್ತು ಆವರಣ ಎಲ್ಲರಿಗೂ ಬಳಸಲು ಆಗುವ ಹಾಗೆ ಇಡುವುದು, ಒಬ್ಬೊಬ್ಬ ಮಗುವಿಗೆ ಬೇಕಾದ ಹೊಂದಾಣಿಕೆ, ಕಲಿಕೆಯ ತೊಂದರೆಯನ್ನು ಬೇಗ ಗುರುತಿಸುವುದು, ಓಡಾಟದ ವ್ಯವಸ್ಥೆ, ಎಲ್ಲ ಆ ಕಲಮಿನಲ್ಲೇ ಇದೆ.

ಒಂದು ಮಿತಿ ಇದೆ, ಮುಚ್ಚಿಡುವುದಿಲ್ಲ. ಹೊಂದಾಣಿಕೆ ಅಂದರೆ ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದ ಹಾಗೆ ಮಾಡಬಹುದಾದದ್ದು. ಶಾಲೆಯ ಕಡೆಯ ವಕೀಲರು ಹಿಡಿಯುವುದು ಇದನ್ನೇ. ಅದಕ್ಕೇ ನೀವು ಲಿಫ್ಟ್ ಬಿಟ್ಟು ಕೆಳಗಿನ ರೂಮು ಕೇಳಿದ್ದು ತುಂಬಾ ಜಾಣತನದ ಕೆಲಸ. ಖರ್ಚೇ ಇಲ್ಲದ್ದನ್ನು ಹೊರೆ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಟೈಮ್‌ಟೇಬಲ್ ಕೆಡುತ್ತದೆ ಅನ್ನುವುದು ಹಾರಿಕೆ ಉತ್ತರ.

ಕಟ್ಟಡದ ವಿಷಯದಲ್ಲಿ 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪು ನೋಡಿ. 2017ರ ನಿಯಮಗಳಲ್ಲಿ 15ನೇ ನಿಯಮ ಅಂತ ಇತ್ತು. ಅದರಲ್ಲಿದ್ದದ್ದು ಬರೀ ಮಾರ್ಗಸೂಚಿ, ಸಲಹೆ. ಮೂಲ ಕಾಯ್ದೆ ಕಡ್ಡಾಯ ಅಂತಿರುವಾಗ ನಿಯಮ ಬರೀ ಸಲಹೆ ಕೊಡುವುದು ಕಾಯ್ದೆಗೇ ವಿರುದ್ಧ ಅಂತ ಕೋರ್ಟು ಆ ನಿಯಮವನ್ನು ಒಪ್ಪಲಿಲ್ಲ. ಬಿಡಲಾಗದ ಕನಿಷ್ಠ ಮಾನದಂಡಗಳನ್ನು ಬೇರೆ ಮಾಡಿ ಮೂರು ತಿಂಗಳಲ್ಲಿ ಕಡ್ಡಾಯ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಸುಮ್ನೆ ಓದುಗ
ಸರ್, ಕಲಂ, ತೀರ್ಪು ಎಲ್ಲ ಕೇಳೋಕೆ ಚೆನ್ನಾಗಿದೆ. ಶಾಲೆ ಮೇಲೆ ದೂರು ಕೊಟ್ಟ ಮಾರನೇ ದಿನ ಆ ಮಗುವನ್ನ ಹೇಗೆ ನಡೆಸಿಕೊಳ್ತಾರೆ ಅಂತ ನೋಡಿದ್ದೀರಾ? ಕೇಸು ಮುಗಿಯೋದರೊಳಗೆ ಹುಡುಗ ಶಾಲೆ ಬಿಟ್ಟು ಕಾಲೇಜಿಗೆ ಹೋಗಿರ್ತಾನೆ. ದಂಡ ಎಷ್ಟು? ಹತ್ತು ಸಾವಿರ. ಅಡ್ಮಿಷನ್ ಫೀಸ್ ಅದಕ್ಕಿಂತ ಜಾಸ್ತಿ ಇರುತ್ತೆ.

ಕಲಂ ಹದಿನಾರು
ದಂಡದ ಮಾತು ಅರ್ಧ ಸರಿ. 89ನೇ ಕಲಂ ಪ್ರಕಾರ ಮೊದಲ ಸಲ 10,000 ರೂಪಾಯಿವರೆಗೆ. ಮತ್ತೆ ಉಲ್ಲಂಘಿಸಿದರೆ 50,000ಕ್ಕೆ ಕಡಿಮೆ ಇಲ್ಲದೆ 5 ಲಕ್ಷದವರೆಗೆ.

ತಡವಾಗುತ್ತದೆ ಅನ್ನುವುದು ಪೂರ್ತಿ ಸರಿ. ಅದಕ್ಕೊಂದು ಉದಾಹರಣೆ ನಾನೇ ಕೊಡುತ್ತೇನೆ. ಅವ್ನಿ ಪ್ರಕಾಶ್ ಅಂತ ಒಬ್ಬ ವಿದ್ಯಾರ್ಥಿನಿ, ಬರವಣಿಗೆಯ ತೊಂದರೆ, ಡಿಸ್‌ಗ್ರಾಫಿಯಾ. 2021ರ ನೀಟ್ ಪರೀಕ್ಷೆಯಲ್ಲಿ ಆಕೆಗೆ ಸಿಗಬೇಕಾಗಿದ್ದ ಒಂದು ಗಂಟೆ ಸಿಗಲಿಲ್ಲ, ಉತ್ತರ ಪತ್ರಿಕೆ ಕಿತ್ತುಕೊಂಡರು. ಅನ್ಯಾಯ ಆಗಿದೆ ಅಂತ ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರಿನಲ್ಲಿ ಒಪ್ಪಿತು, ಪರಿಹಾರ ಯೋಚಿಸಿ ಅಂತ ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆ ಮಾತ್ರ ಕೊಡಲಿಲ್ಲ. ಗೆದ್ದರೂ ಆ ಒಂದು ಗಂಟೆ ವಾಪಸ್ ಬರಲಿಲ್ಲ.

ಆದ್ದರಿಂದಲೇ ಪರೀಕ್ಷೆ ಹತ್ತಿರ ಬಂದಾಗ ಕೋರ್ಟಿಗೆ ಓಡುವುದಕ್ಕಿಂತ ವರ್ಷದ ಮೊದಲೇ ಕಾಗದ ಕೊಟ್ಟು ಕೂರುವುದು ಮೇಲು. ಮಗುವನ್ನು ಗುರಿ ಮಾಡುತ್ತಾರೆ ಅನ್ನುವ ಭಯಕ್ಕೂ ಒಂದು ಮಟ್ಟಿಗೆ ಅದೇ ಮದ್ದು. ಕಾಗದದಲ್ಲಿ ಇರುವ ವಿಷಯಕ್ಕೆ ಯಾರೂ ಸುಲಭವಾಗಿ ಕೈ ಹಾಕುವುದಿಲ್ಲ. ದೂರು ಕೊಡುವ ಹಂತ ಬಂದರೆ ಮೊದಲು ರಾಜ್ಯ ಆಯುಕ್ತರು, ಈ ಕಾಯ್ದೆಯಡಿಯೇ ಇರುವವರು. ಅರ್ಜಿಗೆ ವಕೀಲರೇ ಬೇಕು ಅಂತಿಲ್ಲ. ಕಾಗದ ತರಿಸುವ, ಜನರನ್ನು ಕರೆಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅವರು ಕೊಡುವುದು ಶಿಫಾರಸು. ಇಲಾಖೆ ಅದನ್ನು ಒಪ್ಪದಿದ್ದರೆ ಯಾಕೆ ಅಂತ ಮೂರು ತಿಂಗಳಲ್ಲಿ ತಿಳಿಸಬೇಕು. ಅಲ್ಲೂ ಆಗದಿದ್ದರೆ ಹೈಕೋರ್ಟ್. ಎಷ್ಟೋ ಶಾಲೆಗಳು ಆಯುಕ್ತರ ನೋಟಿಸ್ ಬಂದ ದಿನವೇ ರೂಮು ಬದಲಾಯಿಸುತ್ತವೆ, ಅದನ್ನು ಕಣ್ಣಾರೆ ನೋಡಿದ್ದೇನೆ.

ಕೈಮಾತು
ತಮ್ಮನಿಗೆ ಕಿವಿ ಕೇಳಿಸಲ್ಲ. ನಮ್ಮದು ಬೇರೆ ಕಥೆ. ಅವನಿಗೆ ರ‍್ಯಾಂಪೂ ಬೇಡ, ಸ್ಕ್ರೈಬೂ ಬೇಡ. ಹಾಗಾಗಿ ನೋಡೋರಿಗೆ ಅವನಿಗೆ ಏನೂ ಬೇಡ ಅನಿಸುತ್ತೆ. ತುಟಿ ಓದ್ತಾನೆ. ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಬರೀತಾ ಬರೀತಾ ಮಾತಾಡ್ತಾರೆ, ಅಷ್ಟೇ, ಅವನ ಪಾಲಿಗೆ ಕ್ಲಾಸು ನಿಂತುಹೋಯಿತು. ಪಕ್ಕದವನ ನೋಟ್ಸ್ ನೋಡಿಕೊಳ್ಳೋದು. "ಮುಂದಿನ ಬೆಂಚಲ್ಲಿ ಕೂರಿಸಿದ್ದೀವಲ್ಲ" ಅಂತಾರೆ. ಮುಂದೆ ಕೂತರೆ ಬೆನ್ನು ಹತ್ತಿರದಿಂದ ಕಾಣುತ್ತೆ ಅಷ್ಟೇ.

ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇದೆ ಅಂತ ಯಾರೋ ಹೇಳಿದರು. ನಿಜವಾ?

ಕಲಂ ಹದಿನಾರು
ನಿಜ. 17ನೇ ಕಲಂ. ಪಠ್ಯ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಬದಲಾವಣೆಗಳಲ್ಲಿ ಹೆಚ್ಚು ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಮೂರೂ ಹೆಸರು ಹೇಳಿಯೇ ಇವೆ. ಯಾರಿಗೆ, ಯಾವ ತರಗತಿಯಲ್ಲಿ ಅಂತ ನಿಮ್ಮ ಬೋರ್ಡಿನ ಸುತ್ತೋಲೆ ನೋಡಬೇಕು. ಸಂಜ್ಞೆ ಭಾಷೆ, ಬ್ರೈಲ್ ಗೊತ್ತಿರುವ ಶಿಕ್ಷಕರನ್ನು ನೇಮಿಸಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ವಿಶೇಷ ಶಿಕ್ಷಕರ ವಿಷಯದಲ್ಲಿ 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆಮೇಲೆ ಕೇಂದ್ರ ಸರ್ಕಾರ, ವೈಕಲ್ಯ ಇರುವ ಹತ್ತು ಮಕ್ಕಳಿಗೆ ಒಬ್ಬರು ಪ್ರಾಥಮಿಕದಲ್ಲಿ, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಅಂತ ಲೆಕ್ಕ ಹಾಕಿಕೊಟ್ಟಿದೆ. ಆ ಲೆಕ್ಕಕ್ಕೂ ಶಾಲೆಯಲ್ಲಿ ಕಾಣುವುದಕ್ಕೂ ಇರುವ ಅಂತರ ನಿಮಗೇ ಗೊತ್ತು.

ಬಿಳಿಕೋಲು
ಪುಸ್ತಕದ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೀನಿ. ಕಾಲೇಜಿನ ಗ್ರೂಪಿಗೆ ಲೆಕ್ಚರರ್ ನೋಟ್ಸ್ ಹಾಕ್ತಾರೆ. ಪಿಡಿಎಫ್ ಅಂತ ಹೆಸರು, ಒಳಗಿರೋದು ಪುಟದ ಫೋಟೋ. ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನ ಓದಿ ಹೇಳೋ ತಂತ್ರಾಂಶ) ತೆರೆದರೆ ಖಾಲಿ ಪುಟ ಅನ್ನುತ್ತೆ. ಇನ್ನು ಕೆಲವರು ಹಳೆ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ್ದರಲ್ಲಿ ಟೈಪ್ ಮಾಡಿರ್ತಾರೆ. ಕಣ್ಣಿಗೆ ಚಂದದ ಕನ್ನಡ. ನನ್ನ ಕಂಪ್ಯೂಟರ್ ಅದನ್ನ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಡಿಗ್ರಿ ಗುರುತು ಅಂತ ಓದುತ್ತೆ. ಪಂಪನ ಪದ್ಯ ಕೇಳೋಕೆ ಕೂತರೆ ಹಣದ ಮಾರುಕಟ್ಟೆ ಕೇಳಿಸುತ್ತೆ. ಅದನ್ನೇ ಯೂನಿಕೋಡಿಗೆ ಬದಲಾಯಿಸಿ ಕೊಡೋಕೆ ಬೇಕಿರೋದು ಒಂದು ಕನ್ವರ್ಟರ್, ಕೆಲವು ನಿಮಿಷ.

ಪ್ರಕಾಶಕರ ಪುಸ್ತಕವನ್ನ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ಸಮಸ್ಯೆ ಅಂತ ಲೈಬ್ರರಿಯವರು ಹೆದರ್ತಾರೆ. 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ನಮ್ಮಂಥವರು ಓದೋಕೆ ಆಗೋ ರೂಪಕ್ಕೆ ಬದಲಾಯಿಸೋದು ಉಲ್ಲಂಘನೆ ಅಲ್ಲ, ಲಾಭಕ್ಕೆ ಮಾರಬಾರದು ಅಷ್ಟೇ. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಲೈಬ್ರರಿ ಇದೆ, ನೋಂದಾಯಿಸಿಕೊಳ್ಳಿ. ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತ, ಕನ್ನಡ ಓದುತ್ತೆ.

ಪಿಯುಸಿ ಎರಡು
ನೀಟ್ ಬರೀಬೇಕು ಅಂತಿದ್ದೀನಿ. ಮಾತಿನ ತೊಂದರೆ ಇದೆ, 40ರ ಮೇಲೆ. ಶೇಕಡಾ ಜಾಸ್ತಿ ಇದ್ದರೆ ಎಂಬಿಬಿಎಸ್‌ಗೆ ತಗೊಳ್ಳಲ್ಲ ಅಂತ ಕೋಚಿಂಗಲ್ಲಿ ಹೆದರಿಸ್ತಾರೆ.

ಕಲಂ ಹದಿನಾರು
2024ರ ಅಕ್ಟೋಬರ್ 15ರ ಓಂಕಾರ್ ಗೊಂಡ್ ತೀರ್ಪು ನಿಮ್ಮದೇ ಥರದ ಪ್ರಕರಣ, ಓದಿ. ಬರೀ ಶೇಕಡಾ ನೋಡಿ ಅನರ್ಹ ಅನ್ನುವ ಹಾಗಿಲ್ಲ. ಕೋರ್ಸು ಮಾಡಲು ಆಗುತ್ತದಾ ಇಲ್ಲವಾ ಅಂತ ವೈಕಲ್ಯ ತಪಾಸಣಾ ಮಂಡಳಿ ಪರಿಶೀಲಿಸಿ, ಆಗದು ಅಂದರೆ ಕಾರಣ ಬರೆದು ಕೊಡಬೇಕು. ಧೈರ್ಯವಾಗಿ ಓದಿ.

ಮಳೆಬಿಲ್ಲು
ಇಷ್ಟೆಲ್ಲ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ಅರ್ಜಿ ಹೇಗೆ ಬರೀಲಿ? ನನಗೆ ಕಾನೂನಿನ ಭಾಷೆ ಬರಲ್ಲ.

ಕಲಂ ಹದಿನಾರು
ಬರದಿರುವುದೇ ಒಳ್ಳೆಯದು. ಹೀಗೆ ಬರೆಯಿರಿ, ಒಂದು ಪುಟ ದಾಟಬಾರದು:

"ಮುಖ್ಯಶಿಕ್ಷಕರಿಗೆ. ನನ್ನ ಮಗ ಒಂಬತ್ತನೇ ತರಗತಿಯ ವಿದ್ಯಾರ್ಥಿ. ಬಲಗೈ ನರದ ತೊಂದರೆಯಿಂದ ಅವನಿಗೆ ವೇಗವಾಗಿ, ಹೆಚ್ಚು ಹೊತ್ತು ಬರೆಯಲು ಆಗುವುದಿಲ್ಲ. ವೈದ್ಯರ ಪತ್ರ ಲಗತ್ತಿಸಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಕಲಂ ಹಾಗೂ ಕೇಂದ್ರ ಸರ್ಕಾರದ ಸ್ಕ್ರೈಬ್ ಮಾರ್ಗಸೂಚಿಯಂತೆ ಇವುಗಳನ್ನು ಒದಗಿಸಬೇಕಾಗಿ ಕೋರುತ್ತೇನೆ: ಪರೀಕ್ಷೆಗೆ ಸ್ಕ್ರೈಬ್, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ತರಗತಿಯ ನೋಟ್ಸಿನ ಪ್ರತಿ. ಒದಗಿಸಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕೊನೆಯ ಸಾಲು ಬಿಡಬೇಡಿ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ. ಬರೆದು ಸಹಿ ಹಾಕುವಾಗ ಮುಖ್ಯಶಿಕ್ಷಕರು ಒಂದು ಸಲ ಇಲಾಖೆಗೆ ಫೋನ್ ಮಾಡಿ ಕೇಳುತ್ತಾರೆ.

ಕಪ್ಪುಹಲಗೆ
ಮೇಡಂ, ನನ್ನ ಕಡೆಯಿಂದ ಎರಡು ಸೇರಿಸಿ. ಸ್ಕ್ರೈಬನ್ನ ಈ ವರ್ಷದ ಕಿರುಪರೀಕ್ಷೆಯಿಂದಲೇ ಕೊಡಿ ಅಂತ ಕೇಳಿ. ಹೇಳಿ ಬರೆಸೋದೂ ಅಭ್ಯಾಸ ಆಗಬೇಕು, ಬೋರ್ಡ್ ಪರೀಕ್ಷೆಯಲ್ಲೇ ಮೊದಲ ಸಲ ಅಂದರೆ ಹುಡುಗ ತಡವರಿಸ್ತಾನೆ. ಇನ್ನೊಂದು, ಬೋರ್ಡಿಗೆ ವಿನಾಯಿತಿ ಅರ್ಜಿ ಹೋಗೋದು ಶಾಲೆ ಮೂಲಕ, ನೋಂದಣಿ ಸಮಯದಲ್ಲಿ. ಆ ತಾರೀಖು ತಪ್ಪಿದರೆ ಆಮೇಲೆ ತುಂಬಾ ಒದ್ದಾಟ. ಹತ್ತನೇ ತರಗತಿ ಶುರುವಾದ ಕೂಡಲೇ ಕಚೇರಿಯಲ್ಲಿ ಗುಮಾಸ್ತರನ್ನ ಕೇಳಿ ತಾರೀಖು ಬರೆದಿಟ್ಟುಕೊಳ್ಳಿ. ಮುಖ್ಯಶಿಕ್ಷಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಮಳೆಬಿಲ್ಲು
ಅರ್ಜಿ ತಗೊಂಡು ಸೀಲ್ ಹಾಕಿಕೊಡದಿದ್ದರೆ?

ಕಲಂ ಹದಿನಾರು
ಜಗಳ ಬೇಡ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಶಾಲೆಯ ಇಮೇಲಿಗೂ ಹಾಕಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ. ರಸೀದಿಯನ್ನು ಅರ್ಜಿಯ ಪ್ರತಿಯ ಹಿಂದೆ ಅಂಟಿಸಿ ಇಟ್ಟುಕೊಳ್ಳಿ. ವೈದ್ಯರ ಪತ್ರದ ಮೂಲ ಪ್ರತಿ ಮಾತ್ರ ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.